ಉಯಿಲಿನ ಮೂಲೆಗೆ ಅರಿಶಿನ

ನಮ್ಮ ಮನೆಗೆ ಒಳ್ಳೆಯ ಕಾಗದ ಯಾವುದೇ ಬರಲಿ, ಅದರ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ದೇವರ ಮುಂದಿಟ್ಟು, ಆಮೇಲೆಯೇ ಬೀರುವಿಗೆ ಸೇರಿಸುವುದು. ಲಗ್ನಪತ್ರಿಕೆ, ಜಾತಕ, ಅಪ್ಪನ ಬಡ್ತಿಯ ಆರ್ಡರ್, ನನ್ನ ಮಾರ್ಕ್ಸ್ ಕಾರ್ಡು, ಎಲ್ಲದರ ಮೂಲೆಯೂ ಹಳದಿ. ನಮ್ಮವರು ಮದ್ರಾಸಿಗೆ ಬಂದು ನಾಲ್ಕು ತಲೆಮಾರಾಯಿತು. ಕನ್ನಡ ಅರ್ಧ ಸವೆದು ಆ ಜಾಗದಲ್ಲಿ ತಮಿಳು ಬಂದು ಕೂತಿತು, ಈ ಅಭ್ಯಾಸ ಮಾತ್ರ ಸವೆಯಲಿಲ್ಲ. ಇದೇ ಅಭ್ಯಾಸದಿಂದ ನಾನು ತಂಗಿಯ ಮನೆಯನ್ನು ಕಳೆದೇಬಿಡುವುದರಲ್ಲಿದ್ದೆ.

ಆ ಮನೆ ಇರುವುದು ಪೆರಂಬೂರಿನಲ್ಲಿ. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿದ್ದಾಗ ಅಮ್ಮನ ಹೆಸರಿನಲ್ಲಿ ಕಟ್ಟಿಸಿದ್ದು. ಎರಡು ಕೋಣೆ, ಒಂದು ಹಾಲು, ಹಿಂದೆ ಬಟ್ಟೆ ಒಗೆಯುವ ಕಲ್ಲು. ಅಪ್ಪ ತೀರಿಕೊಂಡ ಮೇಲೆ, ಗಂಡನನ್ನು ಬಿಟ್ಟು ಬಂದ ತಂಗಿ ಅಲ್ಲೇ ಹಾಲಿನಲ್ಲಿ ಮಕ್ಕಳಿಗೆ ಹಿಂದಿ ಟ್ಯೂಷನ್ ಹೇಳಿಕೊಂಡು, ಒಳಗಿನ ಕೋಣೆಯಲ್ಲಿ ಮಲಗಿದಲ್ಲೇ ಇದ್ದ ಅಮ್ಮನನ್ನು ವರ್ಷಗಟ್ಟಲೆ ಎತ್ತಿ ಇಳಿಸಿ ನೋಡಿಕೊಂಡಳು. ನಾನು ತ್ರಿಪ್ಲಿಕೇನಿನಿಂದ ಭಾನುವಾರ ಭಾನುವಾರ ಹೋಗಿ ಉಪದೇಶ ಮಾಡಿ ಬರುತ್ತಿದ್ದೆ. ಅಣ್ಣ ವೇಲಚೇರಿಯಿಂದ ಹಬ್ಬಕ್ಕೆ ಬರುತ್ತಿದ್ದ.

ಅಮ್ಮ ಹೋದಳು. ಸೂತಕದ ದಿನಗಳಲ್ಲಿ ಅರಿಶಿನ ಮುಟ್ಟುವಂತಿಲ್ಲ. ಶುಭಸ್ವೀಕಾರದ ದಿನ ಊಟವಾಗಿ ಎಲ್ಲರೂ ಹೊರಟ ಮೇಲೆ ಅಮ್ಮನ ಟ್ರಂಕು ತೆಗೆದೆ. ರೇಷ್ಮೆ ಸೀರೆಯ ಮಡಿಕೆಯಲ್ಲಿ ಉಯಿಲು ಸಿಕ್ಕಿತು. ಅವಳದೇ ದುಂಡನೆಯ ಕನ್ನಡ ಅಕ್ಷರ. ಮನೆ ಕಿರಿಯ ಮಗಳಿಗೆ. ಇದನ್ನು ನಡೆಸಿಕೊಡುವ ಜವಾಬ್ದಾರಿ ಹಿರಿಯ ಮಗಳದು. ಅಷ್ಟೇ. ನನ್ನ ಹೆಸರು ಬಂದದ್ದು ಕೆಲಸದ ಸಾಲಿನಲ್ಲಿ ಮಾತ್ರ.

ನಿಜ ಹೇಳುತ್ತೇನೆ, ಹೊಟ್ಟೆಯೊಳಗೆ ಚುರುಕ್ ಎಂದಿತು. ಒಂದು ಬೆಳ್ಳಿ ಕುಂಕುಮದ ಬಟ್ಟಲಾದರೂ ನನಗೆಂದು ಬರೆಯಬಾರದಿತ್ತೇ? ಆ ಚುರುಕನ್ನು ಮುಚ್ಚಿಕೊಳ್ಳಲೋ ಏನೋ, ಎದ್ದುಹೋಗಿ ಅರಿಶಿನ ಕಲಸಿ ತಂದು ನಾಲ್ಕು ಮೂಲೆಗೂ ಧಾರಾಳವಾಗಿ ಹಚ್ಚಿದೆ. ನೀರು ಹೆಚ್ಚಾಗಿತ್ತು. ಕೆಳಗಿನ ಎಡಮೂಲೆಯಲ್ಲಿ ಒಬ್ಬ ಸಾಕ್ಷಿಯ ರುಜು ಇತ್ತು, ಇಂಕ್ ಪೆನ್ನಿನಲ್ಲಿ. ನೋಡನೋಡುತ್ತಿದ್ದಂತೆ ಅದು ಹಳದಿಯೊಳಗೆ ಹರಡಿ ನೀಲಿ ಮೋಡವಾಯಿತು. ನಾನು ಸೆರಗಿನಿಂದ ಒತ್ತಿ ಇನ್ನಷ್ಟು ಕೆಡಿಸಿದೆ.

ವಕೀಲರನ್ನು ಹುಡುಕುವಾಗ ಕನ್ನಡ ಓದಬಲ್ಲವರೇ ಬೇಕೆಂದು ಹಟ ಹಿಡಿದೆ. ಮೈಸೂರಿನಿಂದ ಬಂದು ಇಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದ ಹೆಂಗಸೊಬ್ಬರು ಸಿಕ್ಕರು. ಹೈಕೋರ್ಟಿನ ಎದುರಿನ ಸಂದಿಯಲ್ಲಿ, ಕಡಿದಾದ ಮೆಟ್ಟಿಲು ಹತ್ತಿದರೆ ಅವರ ಆಫೀಸು. ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು.

"ಇದೇನ್ರೀ ಇದು ಮಾಡಿಟ್ಟಿದೀರಾ?"

ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಗಿನ ಕಾನೂನಿನ ಪ್ರಕಾರ ಈ ಊರಿನೊಳಗಿನ ಮನೆಗೆ ಉಯಿಲು ಇದ್ದರೆ ಸಾಲದು, ಇದು ಸತ್ತವರದೇ ನಿಜವಾದ ಉಯಿಲು ಎಂದು ಕೋರ್ಟು ಮುದ್ರೆ ಒತ್ತಿ ಪ್ರೊಬೇಟ್ ಕೊಡಬೇಕು. ಅದಕ್ಕೆ ಅಸಲು ಕಾಗದವನ್ನೇ ಒಪ್ಪಿಸಬೇಕು, ಅಮ್ಮ ರುಜು ಹಾಕಿದ್ದನ್ನು ಕಂಡ ಸಾಕ್ಷಿ ಬಂದು ಹೇಳಬೇಕು. ಇಬ್ಬರು ಸಾಕ್ಷಿಗಳಲ್ಲಿ ಒಬ್ಬರು ಅಮ್ಮನಿಗಿಂತ ಮೊದಲೇ ತೀರಿಕೊಂಡಿದ್ದರು. ಉಳಿದವರು ಎದುರುಮನೆಯ ತಮಿಳು ಅಜ್ಜಿ, ನಮಗೆಲ್ಲ ಪಾಟಿ, ಸ್ಕೂಲ್ ಟೀಚರಾಗಿದ್ದವರು. ನಾನು ಅಳಿಸಿದ್ದು ಅವರ ರುಜುವನ್ನೇ.

ಕಾಗದ ಒಪ್ಪಿಸಿದರೆ ಅಂದುಕೊಂಡಂತೆಯೇ ವಾಪಸು ಬಂತು, ಕಲೆಗೆ ವಿವರಣೆ ಕೊಡಿ ಎಂದು. ಅಷ್ಟರಲ್ಲಿ ಕೋರ್ಟಿನ ನೋಟೀಸು ಕಂಡ ಅಣ್ಣ ತಕರಾರು ಹಾಕಿದ. ಮಗನಿರುವಾಗ ಮಗಳಿಗೆ ಮನೆ ಬರೆಯುವಷ್ಟು ಅಮ್ಮ ಮರುಳಲ್ಲ, ಇಬ್ಬರೂ ಸೇರಿ ಕಾಗದ ತಿದ್ದಿದ್ದಾರೆ ಎಂದು. ಅವನು ಗೆದ್ದರೆ ಮನೆ ಮೂರು ಪಾಲು, ಮೂರು ಪಾಲೆಂದರೆ ಮಾರಾಟ, ಮಾರಾಟವೆಂದರೆ ತಂಗಿ ಬೀದಿಗೆ.

ತಂಗಿ ಗಾಬರಿಯಾದಳು. "ಅಮ್ಮನೇ ಹಚ್ಚಿದ್ದು ಅಂತ ಎಳುದಿ ಕೊಟ್ಟ್ಬಿಡಕ್ಕ. ಯಾರುಕ್ಕು ತೆರಿಯುಂ? ಅಮ್ಮ ಎಲ್ಲದಕ್ಕೂ ಹಚ್ಚೋಳೇ ಅಲ್ವಾ?"

ಹಾಗೆ ಬರೆದುಕೊಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅದು ನಿಜ. ಎರಡು ದಿನ ನಾನೂ ಅದನ್ನೇ ಯೋಚಿಸಿದೆ. ವಕೀಲರು ಮಾತ್ರ ಕಡ್ಡಿ ಮುರಿದಂತೆ ಹೇಳಿದರು: "ಸುಳ್ಳು ಹೇಳೋದಾದ್ರೆ ಬೇರೆ ವಕೀಲರನ್ನ ನೋಡ್ಕೊಳ್ಳಿ. ಇರೋದು ಇದ್ದ ಹಾಗೆ ಬರೀರಿ. ನಿಮ್ಮ ತಾಯಿ ನಿಮ್ಮನ್ನ ಯಾಕೆ ನೇಮಿಸಿದ್ರು ಅಂತೀರಾ?"

ನನ್ನ ಜೀವಮಾನದಲ್ಲಿ ಯಾರಿಗೂ ತಪ್ಪೊಪ್ಪಿಗೆ ಬರೆದುಕೊಟ್ಟವಳಲ್ಲ ನಾನು. ಹಲ್ಲು ಕಚ್ಚಿಕೊಂಡು ಬರೆದುಕೊಟ್ಟೆ. ಅರಿಶಿನ ನನ್ನದು, ನೀರು ನನ್ನದು, ಸೆರಗೂ ನನ್ನದು.

ಆಮೇಲೆ ವಾಯಿದೆಯ ಮೇಲೆ ವಾಯಿದೆ. ಕನ್ನಡ ಉಯಿಲನ್ನು ಅನುವಾದ ಮಾಡಿಸಿದ್ದಾಯಿತು. ಪಾಟಿ ಪೆನ್ಷನ್ ಪುಸ್ತಕದಲ್ಲಿ ಹಾಕಿದ್ದ ಹಳೆಯ ರುಜುಗಳನ್ನು ಹುಡುಕಿ ತಂದದ್ದಾಯಿತು. ಬೆಳಗಿನ ಟಿಫಿನ್ ಮುಗಿಸಿ ಬಸ್ಸು ಹತ್ತಿದರೆ ನಾನು ಮನೆ ಸೇರುವುದು ಸಂಜೆಗೆ. "ನಿನಗೇನೂ ಇಲ್ಲದ್ದಕ್ಕೆ ಯಾಕೆ ಇಷ್ಟು ಅಲೀತೀಯ?" ಎಂದು ನಮ್ಮ ಯಜಮಾನರು ಕೇಳಿದರು. ಅವರಿಗೆ ಆ ದಿನ ಕಾಫಿ ಸಿಗಲಿಲ್ಲ.

ಪಾಟಿಯನ್ನು ಆಟೋದಲ್ಲಿ ಮೆತ್ತಗೆ ಕೂರಿಸಿ ಕರೆದುಕೊಂಡು ಹೋದೆವು. ಅಳಿಸಿದ ರುಜುವನ್ನು ಕಣ್ಣಿಗೆ ಹತ್ತಿರ ಹಿಡಿದು ಅವರು, "ನಾನ್ ಪೋಟ್ಟದು ದಾನ್" ಎಂದರು, ನಾನು ಹಾಕಿದ್ದೇ ಎಂದು. ಆ ದಿನ ಅಮ್ಮ ದಿಂಬಿಗೆ ಒರಗಿ ಕೂತು ಮೊದಲು ತಾನು ರುಜು ಹಾಕಿದ್ದು, ಆಮೇಲೆ ಸಾಕ್ಷಿಗಳಿಬ್ಬರೂ ಹಾಕಿದ್ದು, ಎಲ್ಲವನ್ನೂ ಪಾಠ ಒಪ್ಪಿಸಿದಂತೆ ಹೇಳಿದರು.

ಆಮೇಲೆ ನನ್ನ ಸರದಿ. ಅಣ್ಣನ ಪರ ವಕೀಲರು ಎದ್ದರು. ಅಣ್ಣ ಹಿಂದಿನ ಬೆಂಚಿನಲ್ಲಿ ಕೂತಿದ್ದ.

"ಅರಿಶಿನ ಹಚ್ಚುವುದು ಶುಭಪತ್ರಕ್ಕೆ ತಾನೇ, ಅಮ್ಮ?" ಎಂದು ತಮಿಳಿನಲ್ಲಿ ಕೇಳಿದರು.

"ಹೌದು."

"ಸತ್ತವರ ಉಯಿಲಿನಲ್ಲಿ ಶುಭವೇನು ಬಂತು? ಅದರಲ್ಲೂ ನಿಮಗೆ ಏನೂ ಕೊಡದ ಉಯಿಲಿನಲ್ಲಿ?"

ನಮ್ಮ ವಕೀಲರು ಹೇಳಿಕೊಟ್ಟಿದ್ದ ಉತ್ತರವೊಂದಿತ್ತು. ಅದು ಮರೆತೇಹೋಯಿತು. ನಾನೂ ತಮಿಳಿನಲ್ಲೇ ಹೇಳಿದೆ: "ನನ್ನ ತಂಗಿಗೆ ತಲೆ ಮೇಲೊಂದು ಸೂರು ಬಂತು, ಅದು ಶುಭ. ನನಗೇನೂ ಇಲ್ಲವೆಂದು ಹೊಟ್ಟೆ ಉರಿಯಿತು, ಅದೂ ನಿಜ. ಹೊಟ್ಟೆ ಉರಿದದ್ದಕ್ಕೇ ಅರಿಶಿನ ಜಾಸ್ತಿ ಹಚ್ಚಿದೆ."

ಯಾರೋ ನಕ್ಕರು. ಅಣ್ಣನ ವಕೀಲರು ಇನ್ನೆರಡು ಪ್ರಶ್ನೆ ಕೇಳಿ ಕೂತರು.

ಹೊರಗೆ ಜಗುಲಿಯಲ್ಲಿ ಅಣ್ಣ ಬಂದು ಪಕ್ಕದಲ್ಲಿ ನಿಂತ. ಎಷ್ಟೋ ತಿಂಗಳ ಮೇಲೆ ಮಾತಾಡಿದ. "ನೀವಿಬ್ರೂ ಉಳ್ಳುಕ್ಕುಳ್ಳೇ, ಗುಟ್ಟಾಗಿ, ಪಾಲು ಮಾಡ್ಕೊಂಡಿದೀರಿ ಅಂತ ನೆನೆಸಿದ್ದೆ," ಎಂದ. "ನಿಂಗೂ ಉರೀತಾ?"

"ಉರೀದೆ ಇರತ್ತಾ? ಆದ್ರೆ ಅಮ್ಮನ್ನ ಎತ್ತಿ ಕೂರಿಸಿದ್ದು ನೀನೂ ಅಲ್ಲ, ನಾನೂ ಅಲ್ಲ."

ಅವನು ಪಾಟಿಯ ತೋಳು ಹಿಡಿದು ಮೆಟ್ಟಿಲು ಇಳಿಸಿ ಆಟೋ ಹತ್ತಿಸಿದ. ಮುಂದಿನ ವಾಯಿದೆಗೆ ತಕರಾರು ಹಿಂದಕ್ಕೆ ತೆಗೆದುಕೊಂಡ.

ಪ್ರೊಬೇಟ್ ಕೈಗೆ ಬಂದ ದಿನ ಅದನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟು ಎದೆಗವಚಿಕೊಂಡು ಪೆರಂಬೂರಿಗೆ ಹೋದೆ. ಟ್ಯೂಷನ್ ಮಕ್ಕಳು ಆಗತಾನೇ ಹೋಗಿದ್ದರು. ತಂಗಿ ಓದಿದಳು, ಮುದ್ರೆಯನ್ನು ಬೆರಳಿನಿಂದ ಸವರಿದಳು, ಅಡುಗೆಮನೆಗೆ ಹೋಗಿ ಅರಿಶಿನದ ಬಟ್ಟಲು ತಂದಳು.

"ಮುಟ್ಟಿದರೆ ಕೈ ಮುರೀತೀನಿ!" ಎಂದು ಕೂಗಿ ನಾನು ಕಾಗದವನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

ಅವಳು ಬಟ್ಟಲು ಹಿಡಿದು ಬಾಗಿಲಿಗೆ ಹೋಗಿ, ಕುಕ್ಕರುಗಾಲಿನಲ್ಲಿ ಕೂತು, ಹೊಸ್ತಿಲಿಗೆ ಈ ತುದಿಯಿಂದ ಆ ತುದಿಯವರೆಗೂ ಹಚ್ಚಿದಳು. ಅಮ್ಮ ಹಾಸಿಗೆ ಹಿಡಿದಾಗಿನಿಂದ ಆ ಹೊಸ್ತಿಲನ್ನು ಅಷ್ಟು ಪುರುಸೊತ್ತಾಗಿ ಯಾರೂ ಸಾರಿಸಿರಲಿಲ್ಲ. ಅಮ್ಮ ಹೋದಂದಿನಿಂದ ಅಫಿಡವಿಟ್ಟು, ನಕಲು, ವಾಯಿದೆ ಎಂದು ಓಡಾಡಿಕೊಂಡಿದ್ದ ನಾನು ಆಗ, ಕಾಗದ ಒದ್ದೆಯಾಗದಂತೆ ದೂರ ಹಿಡಿದುಕೊಂಡು, ಮೊದಲ ಸಲ ಅತ್ತೆ.