ಬಾವಿಗೆ ದೂರದ ಗುಡಿಸಲು

ವಿಶಾಖಪಟ್ಟಣದಲ್ಲಿ ನಾನು ಕಟ್ಟಿದ ಮೊದಲ ಮನೆ ಉಗುರಿನಷ್ಟಿತ್ತು. ಮರದ್ದು, ಹಸಿರು ಬಣ್ಣದ್ದು. ತಲೆ ನೆರೆತ ದೊಡ್ಡವರು ಭಾನುವಾರ ಸಂಜೆ ಊಟದ ಮೇಜಿನ ಮೇಲೆ ರಟ್ಟಿನ ಸಮುದ್ರ ಹರಡಿಕೊಂಡು, ದ್ವೀಪಗಳಲ್ಲಿ ಹಳ್ಳಿ ಕಟ್ಟುತ್ತಾ, ದೋಣಿಗಾಗಿ "ನಾ ಪಡವ, ನಾ ಪಡವ" ಎಂದು ಜಗಳವಾಡುವುದನ್ನು ಕಂಡು ನನಗೆ ದಿಗಿಲೇ ಆಯಿತು. ನಮ್ಮ ಮಂಡ್ಯದ ಕಡೆ ಆಟವೆಂದರೆ ಜಗಲಿಯ ಮೇಲೆ ಗೆರೆ ಎಳೆದ ಚೌಕಾಬಾರ. ಹುಣಿಸೆಬೀಜ ಇದ್ದರೆ ಸಾಕು. ಇಲ್ಲಿ ನಿಯಮಗಳದ್ದೇ ಒಂದು ಪುಸ್ತಕ.

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಹಾಸ್ಟೆಲ್ ಅನ್ನ ತಿಂದು ಓದಿ ಬ್ಯಾಂಕ್ ಆಫೀಸರ್ ಆದೆ; ಆ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ವರ್ಗವಾಗಿ ಮೊದಲು ವಿಜಯವಾಡ, ಈಗ ವಿಶಾಖಪಟ್ಟಣದ ಎಂವಿಪಿ ಕಾಲೋನಿ. ವಿಜಯವಾಡದಲ್ಲಿ ಅಕ್ಷರ ಕಲಿತ ಮಗಳು ನಿಸರ್ಗ ತೆಲುಗಿನಲ್ಲೇ ನಗುತ್ತಾಳೆ, ತೆಲುಗಿನಲ್ಲೇ ಮುನಿಯುತ್ತಾಳೆ.

ಊರಲ್ಲಿ "ಯಾರ ಪೈಕಿ?" ಎನ್ನುತ್ತಾರೆ. ಇಲ್ಲಿ "ಮೀ ಇಂಟಿಪೇರು?" ಎನ್ನುತ್ತಾರೆ. ಇಂಟಿಪೇರು ಎಂದರೆ ಮನೆತನದ ಹೆಸರು. ಎರಡು ಪ್ರಶ್ನೆಗೂ ಬೇಕಾದ ಉತ್ತರ ಒಂದೇ. ನಮಗೆ ಅಂಥ ಹೆಸರಿಲ್ಲ, ಅಪ್ಪನ ಹೆಸರಷ್ಟೇ ಎಂದು ಹೇಳಿ ಎಷ್ಟೋ ಬಾಡಿಗೆ ಮನೆಗಳ ಬಾಗಿಲಿಂದ ಹಿಂತಿರುಗಿದ್ದೇನೆ. ಅದನ್ನು ಕೇಳದೆ ಒಳಗೆ ಕರೆದವರು ಎದುರು ಫ್ಲಾಟಿನ ಸುಶೀಲಗಾರು ಒಬ್ಬರೇ. 'ಗಾರು' ಎಂದರೆ ನಮ್ಮ 'ಅವರು' ಇದ್ದಂತೆ. ಅವರ ಮನೆಯ ಭಾನುವಾರಗಳನ್ನು ಕಳೆದುಕೊಳ್ಳುವ ಧೈರ್ಯ ನನಗಿಲ್ಲ.

ಆಟದಲ್ಲಿ ದ್ವೀಪದ ನಡುವೆ ಬಾವಿ. ಬಾವಿಗೆ ಹತ್ತಿರವಾದಷ್ಟೂ, ಇನ್ನೊಬ್ಬರ ಗುಡಿಸಲಿಗೆ ಅಂಟಿದಷ್ಟೂ ಅಂಕ ಹೆಚ್ಚು. ಓದಿ ತಿಳಿದುಕೊಂಡೇ ಕೂತಿದ್ದೆ. ಆದರೂ ನನ್ನ ಕೈ ಹಸಿರು ಗುಡಿಸಲನ್ನು ತುದಿಗೆ ಒಯ್ದು, ಎಲ್ಲರ ಮನೆಗಳಿಂದ ಜಾಗ ಬಿಟ್ಟು ಇಟ್ಟಿತು.

"ಅಕ್ಕಡೆಂದುಕಂಡಿ ಮೇಡಂ? ಬಾವಿ ಪಕ್ಕನ ಪೆಟ್ಟಂಡಿ!" ಎಂದರು ಸುಶೀಲಗಾರು. ಅಲ್ಲೇಕೆ, ಬಾವಿ ಪಕ್ಕ ಇಡಿ ಎಂದು.

"ಸೀ ವ್ಯೂ ಕಾವಾಲಿ ಕದಂಡಿ," ಎಂದೆ. ಸಮುದ್ರ ಕಾಣಬೇಕಲ್ಲ!

"ಅಯಿತೇ ಋಷಿಕೊಂಡ ರೇಟು!" ಹಾಗಾದರೆ ಇಲ್ಲಿನ ದುಬಾರಿ ಕಡಲತೀರದ ದರ ಎಂದು ಅವರ ಗಂಡ ಮೇಜು ಕುಟ್ಟಿ ನಕ್ಕರು.

ನಾನೂ ನಕ್ಕೆ. ನಮ್ಮೂರಲ್ಲಿ ನಮ್ಮ ಕೇರಿ ಊರಾಚೆ. ಯಾರಾದರೂ ಸೇದಿ ಹುಯ್ಯಲಿ ಎಂದು ಅವ್ವ ಊರ ಬಾವಿಯಿಂದ ದೂರ, ಕೊಡ ಹಿಡಿದು ಕಾಯುತ್ತಿದ್ದಳು. ಇದನ್ನು ಆ ಮೇಜಿನ ಮುಂದೆ ಹೇಳಲಾಗಲಿಲ್ಲ.

ಆಮೇಲೆ ನಿಸರ್ಗ ತನ್ನ ಹಳದಿ ಗುಡಿಸಲನ್ನು ಸುಶೀಲಗಾರು ಅವರದಕ್ಕೆ ತಾಗಿಸಿ, ಬಾವಿಗೆ ಒತ್ತಿ ಇಟ್ಟಳು. ಯೋಚಿಸುವ ಮೊದಲೇ ನಾನು ಅದನ್ನೆತ್ತಿ ನನ್ನದರ ಪಕ್ಕಕ್ಕೆ ತಂದುಬಿಟ್ಟೆ. ಎಲ್ಲರೂ ನನ್ನನ್ನೇ ನೋಡಿದರು.

"ಎಂದುಕು ತೀಸಾವಮ್ಮಾ?" ಯಾಕೆ ತೆಗೆದೆ ಎಂದಳು ನಿಸರ್ಗ. ಅವಳು ಗುಡಿಸಲನ್ನು ಮತ್ತೆ ಬಾವಿ ಪಕ್ಕಕ್ಕಿಟ್ಟು, ಅಪರೂಪಕ್ಕೆ ಕನ್ನಡದಲ್ಲಿ ಹೇಳಿದಳು: "ಅದು ನನ್ ಮನೆ. ಮುಟ್ಬೇಡ."

"ಪಾಪ ಗಟ್ಟಿದಂಡಿ!" ಹುಡುಗಿ ಗಟ್ಟಿಗಿತ್ತಿ ಎಂದು ಸುಶೀಲಗಾರು ಅವಳ ತಲೆ ಸವರಿದರು. ನನಗೆ ತಲೆ ಎತ್ತಲಾಗಲಿಲ್ಲ.

ಮನೆಗೆ ಬಂದರೆ ಅವ್ವನ ಫೋನು.

"ಅವ್ರ ಮನೆ ಒಳಗೇ ಕುಂತ್ಕಂಡು ಆಡುದ್ರಾ?"

"ಹೂಂ ಕಣವ್ವ, ಒಳಗೇ. ಊರು ಕಟ್ಟೋ ಆಟ."

"ಕೂಸು ಎಲ್ಲಿ ಕಟ್ತು ಮನೆಯ?"

"ಬಾವಿ ಪಕ್ಕ."

ಅವ್ವ ಬಾಯಿತುಂಬ ನಕ್ಕಳು. "ನಿಂದು?"

"ತುದೀಲಿ."

ನಗು ನಿಂತಿತು. "ಅತ್ಲಾಗೆ ಹೋಗು ಅಂತ ಯಾರಾರ ಅಂದ್ರಾ?"

"ಯಾರೂ ಅನ್ನಿಲ್ಲ ಕಣವ್ವ. ನಾನೇ ಹೋದೆ."