ಯಶೋಧರಾಬಾಯಿಯ ಮನೆ, ಚನ್ನುವಿನ ಕೀಲಿ

ವಾಡಿಯ ಈ ಓಣಿಯಲ್ಲಿ ನಳಕ್ಕೆ ನೀರು ಬರುವುದು ದಿನ ಬಿಟ್ಟು ದಿನ, ಅದೂ ಬೆಳಕು ಹರಿಯುವ ಹೊತ್ತಿಗೆ. ನಳ ಮೊದಲು ಒಂದಿಷ್ಟು ಗಾಳಿ ಕಾರುತ್ತದೆ, ಕೆಮ್ಮುತ್ತದೆ, ಆಮೇಲೆ ನೀರು ಬಿಡುತ್ತದೆ. ಆ ಕೆಮ್ಮು ಕೇಳುವಷ್ಟರಲ್ಲಿ ಯಶೋಧರಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳದಲ್ಲಿ ನಿಂತಿರುತ್ತಾರೆ. ಮೊದಲು ತಮ್ಮ ಮನೆಯ ಕೊಡಗಳು. ಆಮೇಲೆ ಬಲಗಡೆಯ ಬಾಡಿಗೆ ಖೋಲಿಯ ಮುಂದಿರುವ ನೀಲಿ ಡ್ರಮ್ಮು. ಹಿಂದಿನ ಸಲ ತುಂಬಿಸಿದ ನೀರು ಅದರಲ್ಲಿ ಹಾಗೇ ಇದೆ. ಅದನ್ನು ಬೇವಿನ ಗಿಡದ ಬುಡಕ್ಕೆ ಚೆಲ್ಲಿ, ಡ್ರಮ್ಮು ತಿಕ್ಕಿ ತೊಳೆದು, ಹೊಸ ನೀರು ತುಂಬಿಸಿ ಮುಚ್ಚಳ ಹಾಕುತ್ತಾರೆ. ಖೋಲಿಯ ಬಾಗಿಲಿಗೆ ಬೀಗ ಬಿದ್ದಿದೆ. ಅಲ್ಲಿ ಸಂಸಾರ ಮಾಡುತ್ತಿದ್ದವರು ಹೋಗಿ ವರ್ಷ ದಾಟಿದೆ.

"ಈ ನೀರು ಯಾರಿಗ್ರಿ?" ಎಂದು ಕೇಳುತ್ತೇನೆ. ಕೇಳಬಾರದಿತ್ತು ಅಂತ ಆಮೇಲೆ ಅನ್ನಿಸುತ್ತದೆ.

"ಬಾಡಿಗಿಗಿ ಖೋಲಿ ಕೊಟ್ಟ ಮ್ಯಾಲ ನೀರು ಕೊಡಾದು ಮಾಲಕರ ಕೆಲಸ ಅಲ್ಲೇನ್ರಿ? ನೀರು ಬಂದ್ ಮಾಡ್ಯಾಳ ಅಂತ ಅದೊಂದು ಮಾತು ಯಾಕ ಬರ್ಬೇಕು ನನ್ನ ಮ್ಯಾಲ," ಎನ್ನುತ್ತಾರೆ. ಮುಚ್ಚಳವನ್ನು ಒತ್ತಿ ಕೂರಿಸುತ್ತಾ, "ಬಂದ್ರ ಬಾಯಾರಿ ಬಂದಿರ್ತಾರ," ಎಂದು ತಮಗೇ ಹೇಳಿಕೊಂಡಂತೆ ಹೇಳುತ್ತಾರೆ.

ಮನೆ ಮಾಲೀಕರು ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವವನು ಕೊರಳಲ್ಲಿ ಸರ, ಬೆರಳಲ್ಲಿ ಉಂಗುರ ಹಾಕಿಕೊಂಡು ಒಂದನೇ ತಾರೀಖಿಗೆ ಕದ ಬಡಿಯುವ ಗಂಡಸು. ಬಾಡಿಗೆ ಮನೆಗಳಲ್ಲೇ ತಲೆ ನೆರೆಸಿಕೊಂಡ ನಾನೂ ಅಂಥವನನ್ನು ಮನಸ್ಸಿನಲ್ಲಿ ಸಾಕಷ್ಟು ಬೈದವನೇ. ಯಶೋಧರಾಬಾಯಿ ಆ ಲೆಕ್ಕಕ್ಕೆ ಸಿಗುವುದಿಲ್ಲ. ಅವರು ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಗಂಡ ಭೀಮಶ್ಯಾ ರೈಲ್ವೆಯಲ್ಲಿ ಹಳಿ ಕಾಯುವ ಕೆಲಸದಲ್ಲಿದ್ದವರು. ಅವರು ತೀರಿಕೊಂಡ ಮೇಲೆ ಕೈಗೆ ಬಂದದ್ದರಲ್ಲಿ ಮನೆಗೆ ಅಂಟಿಕೊಂಡಂತೆ ಎರಡು ಖೋಲಿ ಕಟ್ಟಿಸಿದರು. ಮೇಲೆ ಸಿಮೆಂಟಿನ ಸ್ಲ್ಯಾಬಿಲ್ಲ. ಶಹಾಬಾದಿನ ಫರಸಿ ಕಲ್ಲು ಹಾಸಿ ಸಂದಿಗೆ ಸಿಮೆಂಟು ಮೆತ್ತಿದ ಛಾವಣಿ. ಮಗಳು ಮೈತ್ರಿ ನಾಲವಾರದಲ್ಲಿದ್ದಾಳೆ. ರೈಲು ಹತ್ತಿದರೆ ಹೆಚ್ಚು ಹೊತ್ತಿನ ದಾರಿಯಲ್ಲ. ಆದರೂ ಯಶೋಧರಾಬಾಯಿ ಅಲ್ಲಿ ರಾತ್ರಿ ಉಳಿಯದೆ ತುಂಬಾ ದಿನವಾಯಿತು.

ಎರಡನೇ ಖೋಲಿ ಖಾಲಿ ಇದೆ. ನೋಡಲು ಬರುವವರು ಗೋಡೆ ತಟ್ಟುತ್ತಾರೆ, ನೀರಿನ ವಿಚಾರ ಕೇಳುತ್ತಾರೆ, ಪಸಂದಾಯಿತು ಎನ್ನುತ್ತಾರೆ. ಮುಂಗಡದ ಮಾತಿಗೆಂದು ಯಶೋಧರಾಬಾಯಿಯ ಪಡಸಾಲೆಗೆ ಬಂದು ಕೂರುತ್ತಾರೆ. ಅಲ್ಲಿ ಗೋಡೆಯ ಮೇಲೆ ಬುದ್ಧ, ಪಕ್ಕದಲ್ಲಿ ಬಾಬಾಸಾಹೇಬರು. ಕಣ್ಣು ಅಲ್ಲಿಗೆ ಹೋಗಿ ಬಂದ ಮೇಲೆ ಅವರಿಗೆ ತಟ್ಟನೆ ಏನೋ ನೆನಪಾಗುತ್ತದೆ. "ಮನ್ಯಾಗ ಒಂದ್ ಮಾತ ಕೇಳಿ ಹೇಳ್ತೀವ್ರಿ" ಎಂದು ಎದ್ದು ಹೋಗುತ್ತಾರೆ. ಬಾಡಿಗೆದಾರನ ಜಾತಿ ಕೇಳುವ ಮಾಲೀಕರ ಬಗ್ಗೆ ನಾವು ಓದಿದ್ದೇವೆ, ಬರೆದಿದ್ದೇವೆ. ಮಾಲೀಕಳ ಜಾತಿ ನೋಡಿ ಮನೆ ಒಲ್ಲೆನ್ನುವ ಬಾಡಿಗೆದಾರರ ಬಗ್ಗೆ ಯಾರೂ ಬರೆದದ್ದನ್ನು ನಾನಂತೂ ಕಂಡಿಲ್ಲ.

"ಫೋಟೋ ಒಳಗಿನ ಖೋಲ್ಯಾಗ ಇಟ್ಟರ ಆತಲ್ಲ ಅಂತ ಮಂದಿ ಹೇಳ್ತಾರ. ಅವರಿಂದ ಮನಿ ಆಗ್ಯದ, ಅವರನ್ನೇ ಒಳಗ ಮುಚ್ಚಿಡ್ಲೇನ್ರಿ?" ಯಶೋಧರಾಬಾಯಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹಾಗೆ ಎದ್ದು ಹೋಗದ ಕೆಲವರಲ್ಲಿ ಚನ್ನು ಮತ್ತು ಭಾಗ್ಯಶ್ರೀ ಮೊದಲಿಗರು. ಅವನು ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೈಕೆಳಗೆ ದುಡಿಯುವವನು. ಅವಳು ಚಿಂಚೋಳಿ ಕಡೆಯ ಹುಡುಗಿ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಭಾಗ್ಯಶ್ರೀ ಬಂದ ಮೊದಲ ದಿನವೇ ಬಾಬಾಸಾಹೇಬರ ಫೋಟೋದ ಕೆಳಗೆ ಕುಳಿತು ಚಹಾ ಕುಡಿದು, "ಆಯಿ, ಸಕ್ರಿ ಕಮ್ಮಿ ಆಗ್ಯದ" ಎಂದಳಂತೆ. ಅದನ್ನು ಹೇಳುವಾಗ ಯಶೋಧರಾಬಾಯಿ ನಗುತ್ತಾರೆ. ಕರಾರು ಪತ್ರ, ಸಹಿ, ಸಾಕ್ಷಿ ಏನೂ ಇಲ್ಲ. ಬಾಯಿಮಾತಿನಲ್ಲೇ ಬಲಗಡೆಯ ಖೋಲಿ ಕೊಟ್ಟರು. ಬಾಗಿಲಿಗೆ ಹಾಕುವ ಬೀಗವನ್ನೂ ತಾವೇ ಕೊಟ್ಟರು. ಭಾಗ್ಯಶ್ರೀ ಬಸುರಿಯಾದಾಗ ತಮ್ಮ ಹಳೆಯ ಸೀರೆಗಳನ್ನು ಹರಿದು ಕೂಸಿಗೆ ಕೌದಿ ಹೊಲಿಯಲು ಕೊಟ್ಟರು. ಇಬ್ಬರೂ ಹೊಸ್ತಿಲ ಮೇಲೆ ಕುಳಿತು ಅರ್ಧ ಹೊಲಿದಿದ್ದರು. ಅಷ್ಟರಲ್ಲಿ ಅವಳನ್ನು ಹೆರಿಗೆಗೆ ತವರಿಗೆ ಕಳಿಸುವ ದಿನ ಬಂತು. ಚನ್ನು ಜೊತೆಗೆ ಹೋದ. ಬಾಗಿಲಿಗೆ ಬೀಗ ಹಾಕಿ, ಬೀಗದ ಕೈ ಜೇಬಿಗಿಟ್ಟುಕೊಂಡು, ಬೇಗ ಬರುತ್ತೇವೆ ಎಂದ.

ಬರಲಿಲ್ಲ. ಫೋನು ಹತ್ತಲಿಲ್ಲ. ಗುತ್ತಿಗೆದಾರ ಬದಲಾಗಿದ್ದ, ಚನ್ನುವಿನ ಕೆಲಸವೂ ಹೋಗಿತ್ತು. ತಾಂಡೂರ ಕಡೆ ಇದ್ದಾನಂತೆ ಎಂದು ಒಬ್ಬರು, ಹೈದರಾಬಾದಿನಲ್ಲಿ ಅಂತ ಇನ್ನೊಬ್ಬರು. ಅಷ್ಟರಲ್ಲಿ ಮಳೆಗಾಲ ಶುರುವಾಯಿತು. ಆ ಖೋಲಿಯ ಫರಸಿ ಸಂದಿ ಬಿಟ್ಟು ನೀರು ಒಳಗೆ ಇಳಿಯತೊಡಗಿತು. ಆ ಖೋಲಿಗೂ ಅವರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಯಶೋಧರಾಬಾಯಿ ತಮ್ಮ ಕಡೆಯಿಂದ ಗೋಡೆಗೆ ಕೈ ಇಟ್ಟು ನೋಡಿದರೆ ಒದ್ದೆ ದಿನದಿಂದ ದಿನಕ್ಕೆ ಮೇಲೇರುತ್ತಿತ್ತು. ಒಳಗೆ ಹೋಗಿ ಸಂದಿ ಮುಚ್ಚದಿದ್ದರೆ ಗೋಡೆ ಕೂರುತ್ತದೆ. ಕೂತರೆ ಖೋಲಿ ಮಾತ್ರವಲ್ಲ, ಅವರ ಮನೆಯೂ ಹೋಗುತ್ತದೆ.

ಇಲ್ಲೊಂದು ಮಾತು ಹೇಳಿಬಿಡಬೇಕು. ಈ ಸೀಮೆಯಲ್ಲಿ ಬೀಗಕ್ಕೆ ಕೀಲಿ ಎನ್ನುತ್ತಾರೆ. ಅದನ್ನು ತೆಗೆಯುವುದಕ್ಕೆ ಚಾವಿ. ಮೈಸೂರು ಕಡೆಯವರನ್ನು ಕೇಳಿ ನೋಡಿ, ಅವರಿಗೆ ಕೀಲಿ ಎಂದರೆ ಕೈಯಲ್ಲಿ ಹಿಡಿಯುವ ಬೀಗದ ಕೈ. ನಾವು ಹೆಮ್ಮೆಯಿಂದ ಒಂದೇ ಕನ್ನಡ ಎನ್ನುತ್ತೇವೆ. ಆ ಒಂದೇ ಕನ್ನಡ ಯಶೋಧರಾಬಾಯಿಯನ್ನು ಎಲ್ಲಿಗೆ ತಂದು ನಿಲ್ಲಿಸಿತು ನೋಡಿ.

ಅವರು ಸರ್ಕಾರಿ ಕಚೇರಿಯೊಂದಕ್ಕೆ ಹೋದರು. ಯಾವುದೆಂದು ನಾನು ಬರೆಯುವುದಿಲ್ಲ, ಅಲ್ಲಿದ್ದ ಅಧಿಕಾರಿ ಕೆಟ್ಟವರೇನಲ್ಲ. ಮೈಸೂರು ಕಡೆಯಿಂದ ಹೊಸದಾಗಿ ಬಂದವರು. ಎದ್ದು ಕುರ್ಚಿ ತೋರಿಸಿದರಂತೆ.

"ಬಾಡಿಗಿಯವರು ಹೋಗ್ಯಾರ್ರಿ ಸಾಹೇಬ್ರ, ಖೋಲಿ ಸೋರಾಕತ್ತದ. ಕೀಲಿ ನಂದೇ ಅದ. ತೆಗೀಬಹುದೇನ್ರಿ?"

"ಕೀಲಿ ನಿಮ್ದೇ ಇದ್ರೆ ತೆಗೀರಿ ತಾಯಿ, ಅದಕ್ಯಾಕೆ ನನ್ನನ್ನ ಕೇಳ್ತೀರ? ಸೋರೋದು ನೋಡ್ಕೊಂಡು ಮತ್ತೆ ಹಾಕ್ಬಿಡಿ."

ಬಾಡಿಗೆದಾರ ನಂಬಿಕೆಯಿಂದ ಬೀಗದ ಕೈ ಕೊಟ್ಟು ಹೋಗಿದ್ದಾನೆ ಎಂದು ಅಧಿಕಾರಿ ತಿಳಿದರು. ಬೀಗ ನನ್ನದಾದ್ದರಿಂದ ಒಡೆಯಬಹುದು ಅಂತ ಸರ್ಕಾರವೇ ಹೇಳಿತು ಎಂದು ಯಶೋಧರಾಬಾಯಿ ತಿಳಿದರು. ನಮಸ್ಕಾರ ಮಾಡಿ, ಹಗುರಾಗಿ ಮನೆಗೆ ಬಂದು ಓಣಿಯಲ್ಲಿ ಗಾರೆ ಕೆಲಸ ಮಾಡುವ ಗೌಂಡಿ ಅಬ್ದುಲ್ ಗನಿಯನ್ನು ಕರೆದರು. ಗನಿ ಸುತ್ತಿಗೆ ಹಿಡಿದು ಒಂದು ಸಲ ಅನುಮಾನಿಸಿದರು. "ಬಾಯಿ, ಬರೋಬರ್ ಕೇಳೀರಿಲ್ಲೋ?" "ಸಾಹೇಬ್ರೇ ತೆಗೀ ಅಂದಾರ, ಹೊಡೀರಿ ಗನಿಭಾಯಿ." ಒಂದೇ ಏಟಿಗೆ ಬೀಗ ಬಿಚ್ಚಿಕೊಂಡಿತು.

ಒಳಗೆ ಹಾಸಿಗೆ ಒದ್ದೆಯಾಗಿತ್ತು. ಟ್ರಂಕಿನ ಮೇಲೆ ಅರ್ಧ ಹೊಲಿದ ಕೌದಿ, ಸೂಜಿ ಅದಕ್ಕೇ ಚುಚ್ಚಿತ್ತು. ಯಶೋಧರಾಬಾಯಿ ಟ್ರಂಕು, ಹಾಸಿಗೆ, ಕೌದಿ ಎಲ್ಲವನ್ನೂ ಒಣಗಿದ ಮೂಲೆಗೆ ಸರಿಸಿದರು. ಗನಿ ಒಂದು ಬದಿಯ ಸಂದಿ ಮುಚ್ಚಿ, ಅದು ಒಣಗಿದ ಮೇಲೆ ಇನ್ನೊಂದು ಬದಿ ಮಾಡುವುದಾಗಿ ಹೇಳಿ ಹೋದರು. ಆ ನಡುವಿನಲ್ಲೇ ಚನ್ನು ಒಬ್ಬನೇ ಬಂದ. ಎಂಥ ಗಳಿಗೆಯಲ್ಲಿ ಬಂದನೋ! ಬಾಗಿಲಿಗೆ ಒಡೆದದ್ದರ ಬದಲು ಯಶೋಧರಾಬಾಯಿ ಹಾಕಿದ ಬೇರೆ ಬೀಗ, ಅವರು ತೆಗೆದು ತೋರಿಸಿದರೆ ಒಳಗೆ ಸಾಮಾನೆಲ್ಲ ಒಂದು ಮೂಲೆಗೆ.

"'ಆಯಿ, ನೀವೂ ಹಿಂಗ ಮಾಡಿದ್ರಿ?' ಅಂದ. ಅಷ್ಟೇ ರಿ. ಬೈಲಿಲ್ಲ, ಏನಿಲ್ಲ. ಬೈದಿದ್ರ ನಾನೂ ಬೈತಿದ್ದೆ," ಎನ್ನುತ್ತಾರೆ ಯಶೋಧರಾಬಾಯಿ.

ಚನ್ನುವಿನದು ತಪ್ಪೆನ್ನಲೂ ನನಗೆ ಬಾಯಿ ಬರುವುದಿಲ್ಲ. ಮಾಲೀಕರು ಬೀಗ ಒಡೆದು ಜೊತೆ ದುಡಿಯುವವರ ಪಾತ್ರೆ ಪಗಡ ರಸ್ತೆಗೆ ಎಸೆದದ್ದನ್ನು ಅವನು ಕಂಡಿರಬೇಕು. ಅವರಲ್ಲಿ ಯಾರೋ ಅವನ ಜೊತೆ ಹೋಗಿ ದೂರು ಬರೆಸಿದರು. ಯಶೋಧರಾಬಾಯಿಯನ್ನು ಕರೆಸಿ ಕೇಳಿದವರು ಅದೇ ಅಧಿಕಾರಿ. "ಕೀಲಿ ಇದೆ ಅಂದ್ರಲ್ಲಮ್ಮ ನೀವು?" "ಇತ್ತಲ್ರಿ, ಬಾಗಲಕ್ಕ." ಅಧಿಕಾರಿ ಹಣೆ ಹಿಡಿದುಕೊಂಡು ಕುಳಿತರು. ಆದರೆ ಬರೆದದ್ದು ಬರೆದಾಗಿತ್ತು. ಕೋರ್ಟಿನ ಆದೇಶ ಬರುವ ತನಕ ಖೋಲಿಯ ತಂಟೆಗೆ ಹೋಗುವುದಿಲ್ಲ ಎಂದು ಯಶೋಧರಾಬಾಯಿ ಹೆಬ್ಬೆಟ್ಟು ಒತ್ತಿದರು. ಚನ್ನು ತಾನೇ ತಂದ ಬೀಗ ಜಡಿದು, ಈಗ ಎಲ್ಲಿದ್ದಾನೆಂದಾಗಲಿ ಕೂಸಿನ ಸುದ್ದಿಯಾಗಲಿ ಹೇಳದೆ ಹೋದ. ಈಗ ಬಾಗಿಲಲ್ಲಿ ತೂಗುತ್ತಿರುವುದು ಅದೇ. ದೂರಿನ ವಿಚಾರಣೆಗೆ ಪೊಲೀಸರು ಬಂದು ಹೋದದ್ದನ್ನು ನೋಡಿ ಎರಡನೇ ಖೋಲಿಯವರೂ ಬಿಟ್ಟು ಹೋದರು.

"ಆ ಕಾಗದದಾಗ 'ಮನೆ ಮಾಲೀಕರಾದ ಯಶೋಧರಾ' ಅಂತ ಓದಿ ಹೇಳಿದ್ರು. ನನ್ನ ಯಾರರೆ ಮಾಲಕಿ ಅಂತ ಬರ್ದಿದ್ದು ಅದೇ ಮೊದ್ಲು ನೋಡ್ರಿ," ಎಂದು ಅವರು ನಗಲು ನೋಡುತ್ತಾರೆ.

ಪ್ರಬುದ್ಧ ಅವರ ಅಕ್ಕನ ಮಗ, ಚಿತ್ತಾಪುರದಲ್ಲಿ ವಕೀಲ. ಕೋರ್ಟಿನ ಆದೇಶವಿಲ್ಲದೆ ಬಾಡಿಗೆದಾರನ ಬೀಗ ಒಡೆಯುವಂತಿಲ್ಲ, ಮೊದಲು ನೋಟಿಸು, ಆಮೇಲೆ ದಾವೆ ಎಂದು ಆತ ವಿವರಿಸುತ್ತಾನೆ. "ಕಾಯ್ದೆ ತಪ್ಪಿಲ್ಲರಿ. ಆದ್ರ ನೂರು ಖೋಲಿ ಇದ್ದೋರಿಗೂ ಅದೇ ಹಾದಿ, ಎರಡು ಖೋಲಿ ಇದ್ದೋರಿಗೂ ಅದೇ ಹಾದಿ. ಅವರು ಕಾರಿನ್ಯಾಗ ಹೋಗ್ತಾರ, ನಮ್ಮ ಚಿಗವ್ವ ನಡಕೋತ ಹೋಗ್ಬೇಕು."

ನೋಟಿಸಿನ ಕತೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ದೂರಿನಲ್ಲಿ ಚನ್ನು ಕೊಟ್ಟ ವಿಳಾಸ ಈ ಖೋಲಿಯದೇ. ಆದ್ದರಿಂದ ನೋಟಿಸು ಚಿತ್ತಾಪುರದಿಂದ ಹೊರಟು ಯಶೋಧರಾಬಾಯಿಯ ಅಂಗಳಕ್ಕೇ ಬಂತು. ಅವರು ಕಸ ಹೊಡೆಯುತ್ತಿದ್ದರು. ಪೋಸ್ಟಿನವರು ಬೀಗ ನೋಡಿ, "ಇವರು ಎಲ್ಲಿ ಹೋಗ್ಯಾರ್ರಿ?" ಎಂದರು. "ಅದನ್ನೇ ಕೇಳಾಕ ಆ ಚೀಟಿ ಕಳ್ಸೀನ್ರಿ ನಾ," ಎಂದರಂತೆ ಯಶೋಧರಾಬಾಯಿ. ಚೀಟಿ ಬಂದ ದಾರಿಯಲ್ಲೇ ವಾಪಸು ಹೋಯಿತು.

ಒಮ್ಮೆ ಸೇಡಂಗೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಚಿಂಚೋಳಿಗೂ ಹೋಗಿ ಬಂದಿದ್ದಾರೆ. ಭಾಗ್ಯಶ್ರೀಯ ತವರಿನ ಹೆಸರು ಅವರಿಗೆ ಗೊತ್ತಿಲ್ಲ. ಅವಳು ಯಾವಾಗಲೂ 'ಚಿಂಚೋಳಿ ಕಡಿ' ಅಂತಲೇ ಹೇಳುತ್ತಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಕುಳಿತು, ಕೂಸು ಎತ್ತಿಕೊಂಡು ಇಳಿಯುವ ಹೆಣ್ಣುಮಕ್ಕಳ ಮುಖವನ್ನೆಲ್ಲ ನೋಡಿ ಸಂಜೆ ಬಸ್ಸಿಗೆ ವಾಪಸು ಬಂದರು. "ಗಂಡೋ ಹೆಣ್ಣೋ ಅದೂ ಗೊತ್ತಿಲ್ಲರಿ ನನಗ," ಎನ್ನುತ್ತಾರೆ.

ಇಷ್ಟಾದ ಮೇಲೆ ಕಾಯ್ದೆಯ ಮೇಲೆ ಅವರಿಗೆ ಸಿಟ್ಟಿರಬೇಕು ಎಂದುಕೊಂಡು ಕೇಳಿದರೆ, ಅವರು ಶಹಾಬಾದಿನ ಮಾತು ತೆಗೆಯುತ್ತಾರೆ. ಅಪ್ಪ ಅಲ್ಲಿ ಫರಸಿ ಖಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದರು. ಬಾಡಿಗೆ ಜೋಪಡಿ. "ನಾ ಸಣ್ಣಾಕಿ ಇದ್ದೆ. ಮಾಲಕ ಬಂದು ಗಡಗಿ, ಬುಟ್ಟಿ, ಹಿಟ್ಟು ಎಲ್ಲಾ ಹೊರಗ ಒಗದ. ಭಾಳ ಮಳಿ ಇತ್ರಿ. ನಮ್ಮವ್ವ ಹಿಟ್ಟಿನ ಮ್ಯಾಲ ಸೆರಗ ಹಾಕ್ಕೊಂಡು ಕುಂತಿದ್ಲು. ಹಂಗ ಒಗೀಬಾರ್ದು ಅಂತ ಕಾಯ್ದೆ ಅದ ಅಂತ ನಮಗ ಯಾರೂ ಹೇಳಿಲ್ಲ. ಕಾಯ್ದೆ ಇರಾದು ಚಲೋನೇ ಅದ. ನನಗ ಅದು ಗೊತ್ತಾಗಾಕ ನಾನೇ ಮಾಲಕಿ ಆಗ್ಬೇಕಾತು ನೋಡ್ರಿ."

ನಾನು ಹೋದಾಗ ಮೋಡ ಕಟ್ಟುತ್ತಿತ್ತು. ಗನಿ ಮುಚ್ಚದೆ ಬಿಟ್ಟ ಸಂದಿ ಇನ್ನೂ ಹಾಗೇ ಇದೆ. ಹೊರಗಿನಿಂದ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಕಲ್ಲು ಹೇರಿದ್ದಾರೆ. ಗಾಳಿ ಬಂದರೆ ಅದು ನಿಲ್ಲುವುದಿಲ್ಲ ಎಂದು ಅವರಿಗೂ ಗೊತ್ತು. ಪ್ರಬುದ್ಧ ಹಾಕಿದ ದಾವೆಗೆ ಕೋರ್ಟು ಕೊಟ್ಟ ತಾರೀಖು ಮಳೆಗಾಲದ ಆಚೆಗೆ ಹೋಗಿದೆ. ನಡುವಿನ ಗೋಡೆಗೆ ಕೈ ಇಟ್ಟು ನೋಡಿ ಎಂದು ನನಗೂ ಹೇಳುತ್ತಾರೆ. ಗೋಡೆ ತಣ್ಣಗಿದೆ. "ಮೊದ್ಲು ಭಾಗ್ಯಶ್ರೀ ಕೈಬಳಿ ಸಪ್ಪಳ ಕೇಳ್ತಿತ್ತು ಇಲ್ಲಿ. ಈಗ ಗೋಡಿ ಬಿದ್ದರ ಬೀಳ್ಲಿ, ಮತ್ತ ಕಟ್ಟಿದ್ರಾತು. ಆ ಕೌದಿ ತೊಯ್ತದಲ್ರಿ. ಕೂಸಿಂದು ಅದು."

ಹೊರಡುವಾಗ, ಶಾಲೆಗೆ ಹೊತ್ತಾಯಿತೆಂದು ಅವರೂ ನನ್ನ ಜೊತೆಗೇ ಎದ್ದರು. ತಮ್ಮ ಮನೆಯ ಕದ ಮುಂದಕ್ಕೆಳೆದು, ಚಿಲಕಕ್ಕೆ ಕಡ್ಡಿಯೊಂದನ್ನು ಸಿಕ್ಕಿಸಿ ಅಂಗಳಕ್ಕಿಳಿದರು. ಬೀಗ ಹಾಕುವುದಿಲ್ಲವೇ ಎಂದೆ.

"ನಾ ಇಲ್ಲದಾಗ ಆಕಿ ಕೂಸು ಕಟ್ಟಿಕೊಂಡು ಬಂದ್ರ ಎಲ್ಲಿ ಕುಂದರ್ಬೇಕ್ರಿ? ಆಕಿ ಖೋಲಿ ಚಾವಿ ಆಕಿ ಗಂಡನ ಕಡಿ ಇರ್ತದ," ಎಂದರು. ಮುಚ್ಚಿದ ಖೋಲಿಯ ಕಡೆ ಒಮ್ಮೆ ನೋಡಿ, ಡ್ರಮ್ಮಿನ ಮುಚ್ಚಳ ಸರಿಮಾಡಿದರು. "ಒಂದ ಮನಿಗಿ ಒಂದ ಕೀಲಿ ಸಾಕ್ರಿ."