ಒಂದೂ ಮೊಳೆಯಿಲ್ಲದ ಗೋಡೆ

ನಮ್ಮ ಮನೆಯ ಪಡಸಾಲೆ ಕಂಡರೆ ನನಗೆ ಮದುವೆಯಾದ ದಿನದಿಂದಲೂ ನಾಚಿಕೆ. ಈಗಲೂ ನಾಚಿಕೆಯೇ, ಕಾರಣ ಮಾತ್ರ ಬೇರೆ.

ನಾನು ಶಿಕಾರಿಪುರ ಪೇಟೆಯ ಹುಡುಗಿ. ಮದುವೆಯಾಗಿ ಬಂದದ್ದು ತಾಳಗುಂದದ ಕಡೆಗೆ ಹೋಗುವ ದಾರಿಯ ಒಂದು ಊರಿಗೆ, ಒಕ್ಕಲುತನದ ಮನೆಗೆ. ಬಾಗಿಲು ದಾಟಿದರೆ ಪಡಸಾಲೆ. ದೀಪಾವಳಿ ಹೊತ್ತಿಗೆ ಮೆಕ್ಕೆಜೋಳ ಒಣಗಿಸಿ ತುಂಬಿದರೆಂದರೆ ಮುಗಿಯಿತು, ಚೀಲಗಳೆಲ್ಲ ಅಲ್ಲಿಗೇ. ಎದೆಮಟ್ಟ ಪೇರಿಸಿದ ಚೀಲಗಳ ಮೇಲೆ ಟವೆಲ್ಲು, ಮಕ್ಕಳ ಸ್ಕೂಲ್ ಬ್ಯಾಗು, ಒಂದು ಬೆಕ್ಕು. ಉಳಿದ ಗೋಡೆಯ ಮೇಲೆ ಗೊಬ್ಬರದ ಅಂಗಡಿಯ ಕ್ಯಾಲೆಂಡರು, ಕೊಡೆ, ಹಗ್ಗದ ಸುರುಳಿ, ನಡುವೆ ತೀರಿಹೋದ ಮಾವನವರ ಫೋಟೋ. ಹಣೆ ತುಂಬ ವಿಭೂತಿ, ನಗು ತಡೆದುಕೊಂಡಂಥ ಮುಖ, ಮೇಲೊಂದು ಕೆಂಪು ಬಲ್ಬು. ಅತ್ತೆ ಬೆಳಿಗ್ಗೆ ಸ್ನಾನ ಮಾಡಿ ಬಂದು ಆ ಗಾಜಿಗೂ ಒಂದು ಬೆರಳು ವಿಭೂತಿ ಹಚ್ಚಿದ ಮೇಲೆಯೇ ಚಹಾ ಕುಡಿಯುವುದು.

ಒಮ್ಮೆ ನನ್ನ ಕಾಲೇಜಿನ ಗೆಳತಿಯರು ಬಂದಿದ್ದರು. ಒಬ್ಬಳು ಜೋಳದ ದೂಳಿಗೆ ಸೀನಿ ಸೀನಿ ಕಣ್ಣು ಕೆಂಪು ಮಾಡಿಕೊಂಡು, "ಏನೇ ಇದು, ಮನೆಯೋ ಗೋಡೌನೋ?" ಎಂದಳು. ಎಲ್ಲರ ಜೊತೆ ನಾನೂ ನಕ್ಕೆ. ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಆಗಿನಿಂದ ಹಿಡಿದದ್ದು ಫೋನಿನ ಹುಚ್ಚು. ಹಾಲ್ ಹೇಗಿರಬೇಕು ಎಂದು ಹೇಳಿಕೊಡುವ ವಿಡಿಯೋಗಳು ಬರುತ್ತವಲ್ಲ, ಅವೇ. ಅದರಲ್ಲೊಬ್ಬಳು ಮೆಲುದನಿಯ ಹೆಂಗಸು. ಬಣ್ಣ ತೆಳುವಿರಲಿ, ಸೋಫಾ ತಗ್ಗಿರಲಿ, ಬೆಳಕು ಹಳದಿಯಾಗಿರಲಿ, ಗೋಡೆ ಖಾಲಿಯಿರಲಿ, ಖಾಲಿ ಗೋಡೆ ನೋಡಿದರೆ ಮನಸ್ಸಿಗೆ ನೆಮ್ಮದಿ ಎನ್ನುತ್ತಿದ್ದಳು. ಅವಳ ಮನೆಯಲ್ಲಿ ಜೋಳವೂ ಇರಲಿಲ್ಲ, ಅತ್ತೆಯೂ ಇರಲಿಲ್ಲ. ನನಗದು ಹೊಳೆಯಲೇ ಇಲ್ಲ ನೋಡಿ!

ಈ ನಡುವೆ ಮನೆಯಲ್ಲಿ ದೊಡ್ಡ ಚಿಂತೆಯೆಂದರೆ ನನ್ನ ಮೈದುನನ ಮದುವೆ. ಮೂವತ್ತು ದಾಟಿ ಬಹಳ ದಿನವಾಗಿತ್ತು. ಬೋರಿನಲ್ಲಿ ನೀರಿದೆ, ಹೊಲವಿದೆ, ಒಂದು ಕೆಟ್ಟ ಚಟವಿಲ್ಲ. ಆದರೆ ಬೇಸಾಯ ಎಂದೊಡನೆ ಹೆಣ್ಣಿನವರು ಫೋನ್ ಇಟ್ಟುಬಿಡುತ್ತಿದ್ದರು. ಯಾರ ಮದುವೆಗೆ ಹೋದರೂ "ನಿಂದ್ಯಾವಾಗಪ್ಪಾ?" ಎಂದು ಕೇಳುತ್ತಾರೆಂದು ಅವನು ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದ. ಆಹೇರಿಯ ಉಡುಗೊರೆ ನಮ್ಮ ಕೈಯಲ್ಲಿ ಕೊಟ್ಟು ಹೊಲಕ್ಕೆ ನಡೆಯುತ್ತಿದ್ದ.

ಅಂಥವನಿಗೆ ಸೊರಬದಿಂದ ಒಂದು ಸಂಬಂಧ ಬಂತು. ಸೊರಬಕ್ಕೆ ಮದುವೆಯಾಗಿ ಹೋದ ನನ್ನ ಗೆಳತಿಯೊಬ್ಬಳು ತನ್ನ ಓಣಿಯ ಹುಡುಗಿಯ ಬಗ್ಗೆ ಹೇಳಿದಳು. ಅಲ್ಲಿನ ಶಾಲೆಯೊಂದರಲ್ಲಿ ಟೀಚರು, ಹೊಲ ಮನೆ ಎಂದರೆ ಮೂಗು ಮುರಿಯುವವಳಲ್ಲ. ದಸರಾ ಕಳೆದ ಮೇಲೆ ನಾವೆಲ್ಲ ಹೋಗಿ ನೋಡಿ ಬಂದೆವು. ಹುಡುಗಿ ಅವಲಕ್ಕಿಯ ತಟ್ಟೆ ಕೊಡುವಾಗ ಮೈದುನನ ಮುಖ ನೋಡಿ ಸಣ್ಣಗೆ ನಕ್ಕಳು. ಅವನಂತೂ ಚಮಚ ಎತ್ತುವುದನ್ನೇ ಮರೆತ.

ಅವರ ಹಾಲ್ ಹೇಗಿತ್ತೆನ್ನುತ್ತೀರಿ! ಕಾಲಿಡಲು ಜಾಗವಿಲ್ಲ. ಮಂಚ, ಕುರ್ಚಿ, ಹೊಲಿಗೆ ಮಷೀನು, ಕಿಟಕಿಯ ತುಂಬ ಡಬ್ಬಿಗಳಲ್ಲಿ ಗಿಡ, ಗೋಡೆಯ ತುಂಬ ಸತ್ತವರು ಬದುಕಿದವರು ಎಲ್ಲರ ಫೋಟೋ. ನಾನು ಒಳಗೊಳಗೇ ಬೀಗಿದೆ. ಹುಡುಗಿಯ ತಂದೆ ತಮ್ಮ ತಂದೆಯ ಫೋಟೋದ ಕೆಳಗೆ ಕೂತು ನಮ್ಮ ಮಾವನವರ ಹೆಸರು ಕೇಳಿದರು. ಹೇಳಿದೆವು. ಅವರು ತಲೆಯೆತ್ತಿ ಆ ಫೋಟೋದ ಕಡೆ ನೋಡಿ, "ಹೌದಾ? ಹಂಗಾದ್ರೆ ಬರ್ತೇವೆ ಮಾರಾಯ್ರೆ. ದೀಪಾವಳಿ ಕಳೀಲಿ, ಮನೆ ನೋಡ್ಲಿಕ್ಕೆ ಬರ್ತೇವೆ" ಎಂದರು. ನನ್ನ ಮಾತುಗಾರಿಕೆಗೆ ಒಪ್ಪಿದರು ಎಂದುಕೊಂಡೆ. ಬಸ್ಸಿನಲ್ಲಿ ಅದನ್ನೇ ನಾಲ್ಕು ಸಲ ಹೇಳಿಕೊಂಡೆ ಕೂಡ.

ಮನೆ ನೋಡಲು ಬರುತ್ತಾರೆ ಎಂಬ ಒಂದೇ ಮಾತು ಸಾಕಾಯಿತು ನನಗೆ. "ಹುಡುಗಿ ಟೀಚರು. ಈ ಗೋಡೌನು ನೋಡಿದರೆ ಬೇಡ ಅಂತಾಳೆ" ಎಂದು ಗಂಡನನ್ನು ಹೆದರಿಸಿದೆ. ಅವರು ಯಾವಾಗಲೂ ನಾನು ಹೇಳಿದ್ದಕ್ಕೆ ಹೂಂ. ಮೈದುನ ಮಾತ್ರ, "ಅತ್ಗೆ, ಚೀಲ ಎಲ್ಲಿಡಾದು?" ಎಂದ. ಎದುರು ಮನೆಯವರ ಶೆಡ್ಡಿನಲ್ಲಿ ಎಂದೆ. ಪಾಪ, ತಾನೇ ಬೆಳೆದು ತಾನೇ ತುಂಬಿದ ಚೀಲಗಳನ್ನು ತಾನೇ ಬೆನ್ನಿನ ಮೇಲೆ ಹೊತ್ತು ಬೀದಿ ದಾಟಿಸಿದ. ಮೇಲೆ ತಾಡಪಾಲು ಹೊದಿಸಿ ಬಂದು, "ಚಂದ ಆಕ್ಕತಲ್ಲ ಅತ್ಗೆ?" ಎಂದು ಕೇಳಿದ. ಆಗುತ್ತದೆ, ಗೋಡೆ ಖಾಲಿ ಇದ್ದರೆ ನನಗೆ ಸಮಾಧಾನ, ಸುಮ್ಮನಿರು ಎಂದೆ.

ಮೊಳೆಗಳನ್ನೆಲ್ಲ ಕೀಳಿಸಿ, ತೂತು ಮುಚ್ಚಿಸಿ, ಬಿಳಿಯೂ ಅಲ್ಲದ ಹಳದಿಯೂ ಅಲ್ಲದ ಒಂದು ಬಣ್ಣ ಹೊಡೆಸಿದೆ. ಅತ್ತೆ ನೋಡಿ, "ಸುಣ್ಣ ಸಾಲ್ದಂಗಾತೇನವ್ವಾ?" ಎಂದರು. ತಗ್ಗಿನ ಸೋಫಾ ಬಂತು, ಮೂಲೆಗೊಂದು ಪ್ಲಾಸ್ಟಿಕ್ ಗಿಡ ಬಂತು, ಹಳದಿ ದೀಪ ಬಂತು. ಮಾವನವರ ಫೋಟೋವನ್ನು ನಿಮ್ಮ ಕೋಣೆಯಲ್ಲಿ ಹಾಕುತ್ತೇನೆ ಅತ್ತೆ ಎಂದಿದ್ದೆ. ಹಾಕಲಿಲ್ಲ. ಅಲ್ಲಿಯೂ ಹೊಸ ಬಣ್ಣ, ಮೊಳೆ ಹೊಡೆಯಲು ನನಗೇ ಮನಸ್ಸಾಗಲಿಲ್ಲ. ಟವೆಲ್ಲು ಸುತ್ತಿ ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೆ. ಅತ್ತೆ ಬೆಳಿಗ್ಗೆ ಸ್ನಾನ ಮಾಡಿ ಬಂದು ಬೆರಳಲ್ಲಿ ವಿಭೂತಿ ಹಿಡಿದು ಖಾಲಿ ಗೋಡೆಯ ಮುಂದೆ ಒಂದು ಗಳಿಗೆ ನಿಂತು, ಆಮೇಲೆ ನೆನಪಾಗಿ ಒಳಗೆ ಹೋಗುತ್ತಿದ್ದರು. ನಾನು ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದೆ.

ಸೊರಬದವರು ಹೇಳಿದ ದಿನಕ್ಕೆ ಬಂದರು. ಹುಡುಗಿಯ ತಂದೆ, ತಾಯಿ, ಜೊತೆಗೆ ನನ್ನ ಗೆಳತಿ. ಬಾಗಿಲು ದಾಟಿದ ಹುಡುಗಿಯ ತಂದೆ ಅಲ್ಲೇ ನಿಂತು ಸುತ್ತ ನೋಡಿದರು. ದಾರಿ ತಪ್ಪಿ ಬಂದೆನೇನೋ ಎಂಬ ಹಾಗಿತ್ತು ಮುಖ. ಬೆರಗಾದರು ಎಂದುಕೊಂಡು ನಾನು ಇನ್ನೊಂದು ದೀಪ ಹಾಕಿದೆ.

"ಕುತ್ಗಳ್ರೀ, ಕುತ್ಗಳ್ರೀ" ಎಂದು ಮನೆಯವರು ಉಪಚಾರ ಮಾಡಿದರು. ಅವರು ಕೂತರು. ಕೂತರೆಂದರೆ ಏನು, ಸೋಫಾದಲ್ಲಿ ಹುಗಿದೇ ಹೋದರು. ಮೊಣಕಾಲು ಗದ್ದದ ಹತ್ತಿರ ಬಂತು. ಹುಡುಗಿಯ ತಾಯಿ ಮೂಲೆಯ ಗಿಡದ ಎಲೆಯನ್ನು ಚಿವುಟಿ ನೋಡಿ, "ಪ್ಲಾಸ್ಟಿಕ್ಕಾ ಇದು!" ಎಂದು ಕೈ ಹಿಂದೆ ತೆಗೆದುಕೊಂಡರು. ಮನೆ ಸುತ್ತ ಹಸಿರಿರುವ ಊರಿನ ಹೆಂಗಸು, ಅವರಿಗದು ವಿಚಿತ್ರ.

"ಈ ಸಲ ಜೋಳ ಹೆಂಗೆ ಬಂತು?" ಎಂದು ಹುಡುಗಿಯ ತಂದೆ ಮೈದುನನನ್ನು ಕೇಳಿದರು.

"ಚಲೋ ಬಂದೈತ್ರೀ."

"ಎಲ್ಲೂ ಕಾಣ್ಲಿಲ್ಲ ಮತ್ತೆ?"

ನಮ್ಮ ಕಡೆ ಮನೆ ನೋಡುವುದೆಂದರೆ ಏನೆಂದು ನನಗೆ ಆಗ ಹೊಳೆಯಿತು. ಹೆಣ್ಣಿನವರು ನೋಡುವುದು ಪಡಸಾಲೆಯ ಚೀಲ, ಕೊಟ್ಟಿಗೆಯ ದನ, ಹಿತ್ತಲಿನ ಬಣವೆ. ಆ ಮನೆಯಲ್ಲಿ ಬೆಳೆ ಉಂಟೋ ಇಲ್ಲವೋ, ಹುಡುಗ ದುಡಿಯುತ್ತಾನೋ ಇಲ್ಲವೋ ಅದರಲ್ಲೇ ತಿಳಿದುಕೊಳ್ಳುತ್ತಾರೆ. ನಾನು ಅವನ ಒಂದು ವರ್ಷದ ದುಡಿಮೆಯನ್ನು ಪಕ್ಕಾ ಕಳ್ಳಮಾಲಿನ ಹಾಗೆ ಎದುರು ಮನೆಯ ಶೆಡ್ಡಿನಲ್ಲಿ ಮುಚ್ಚಿಟ್ಟಿದ್ದೆ.

ಮೈದುನ ಒಮ್ಮೆ ನನ್ನ ಕಡೆ ನೋಡಿದ. ನಿಜ ಹೇಳಿದರೆ ಅತ್ತಿಗೆಗೆ ಅವಮಾನ ಎಂದು ಅವನಿಗನಿಸಿರಬೇಕು. "ಮಾರಾಗೈತ್ರೀ" ಎಂದುಬಿಟ್ಟ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ, ದನಿ ಒಡೆಯಿತು.

"ಇಷ್ಟು ಬೇಗನಾ? ನಮ್ಮ ಕಡೇಲಿ ಇನ್ನೂ ಯಾರೂ ಕೊಟ್ಟಿಲ್ಲಲ್ಲ" ಎಂದರು ಅವರು. ನಾನಾದರೂ ಬಾಯಿ ಬಿಡಬಹುದಿತ್ತು. ಬದಲಿಗೆ ನೀರಿನ ಲೋಟ ಮುಂದಿಟ್ಟೆ.

ಸ್ವಲ್ಪ ಹೊತ್ತಿನ ಮೇಲೆ ಅವರು ಅತ್ತೆಯ ಕಡೆ ತಿರುಗಿದರು. "ಅಮ್ಮಾ, ಯಜಮಾನ್ರ ಫೋಟೋ ಎಲ್ಲುಂಟು? ನಾನು ಹುಡುಗನಾಗಿದ್ದಾಗ ಅಪ್ಪನ ಜೊತೆ ಶಿಕಾರಿಪುರದ ಮಾರ್ಕೆಟ್ಟಿಗೆ ಬಂದಿದ್ದೆ. ಗಾಡಿ ಕೆಟ್ಟು ನಿಂತಾಗ ಅವರೇ ನಮ್ಮನ್ನು ಕರ್ಕೊಂಡು ಬಂದು ಊಟ ಹಾಕಿದ್ರು. ಇದೇ ಪಡಸಾಲೆ. ಚೀಲದ ಮೇಲೆ ಕೂತು ರೊಟ್ಟಿ ತಿಂದಿದ್ದೆ. ನೀವೇ ಬಡಿಸಿದ್ದು. ಅವರ ಮನೆ ಅಂತ ಗೊತ್ತಾಗಿಯೇ ಬಂದದ್ದು ನಾನು."

ಅಯ್ಯೋ ಶಿವನೇ, ನೆಲ ಬಿರಿದು ನನ್ನನ್ನು ನುಂಗಬಾರದೇ ಅನಿಸಿತು.

ಅತ್ತೆ ನನ್ನ ಮುಖ ನೋಡಲಿಲ್ಲ. ಎದ್ದು ಒಳಗೆ ಹೋದರು. ಬೀರು ಸರಿಸಿದ ಸದ್ದು ಕೇಳಿತು. ಟವೆಲ್ಲು ಬಿಚ್ಚಿ, ಗಾಜಿನ ದೂಳನ್ನು ಸೆರಗಿನಿಂದ ಒರೆಸುತ್ತ ಫೋಟೋ ಹಿಡಿದು ಬಂದರು. ಹಾಕಬೇಕೆಂದರೆ ಇಡೀ ಹಾಲಿನಲ್ಲಿ ಒಂದು ಮೊಳೆಯಿಲ್ಲ. ಅತ್ತೆ ಆ ಗೋಡೆ ಈ ಗೋಡೆ ನೋಡಿದರು. ಕೊನೆಗೆ ಸೋಫಾದ ಮೇಲೆ ದಿಂಬಿಗೆ ಒರಗಿಸಿ ಇಟ್ಟರು. ಆ ಸೋಫಾದಲ್ಲಿ ಅವತ್ತು ನೆಟ್ಟಗೆ ಕೂತವರು ಮಾವನವರೊಬ್ಬರೇ. ಹುಡುಗಿಯ ತಂದೆ ಕಷ್ಟಪಟ್ಟು ಮೇಲೆದ್ದು, ಬಗ್ಗಿ, ಸೋಫಾಕ್ಕೆ ಕೈ ಮುಗಿದರು. ಅತ್ತೆ ಫೋಟೋದ ಪಕ್ಕದಲ್ಲಿ ನೆಲದ ಮೇಲೆ ಕೂತುಕೊಂಡರು.

ಊಟ ಮಾಡಿ ಹೋದರು. ಶಾವಿಗೆ ಪಾಯಸ ಚೆನ್ನಾಗಿದೆ ಎಂದರು, ಮರ್ಯಾದೆಯಿಂದಲೇ ಮಾತಾಡಿದರು. ತಿಳಿಸುತ್ತೇವೆ ಎಂದರು.

ಮುಂದಿನ ವಾರ ಗೆಳತಿಯ ಫೋನು ಬಂತು. ಅವಳು ಸುತ್ತು ಬಳಸಿ ಮಾತಾಡಿದಳು. ಹುಡುಗಿಗೆ ಮೈದುನ ಒಪ್ಪಿಗೆ, ಅವಳು ಅಪ್ಪನ ಹತ್ತಿರ ಅತ್ತದ್ದೂ ಉಂಟಂತೆ. "ಆದರೆ ಅವರಪ್ಪ ಕೇಳ್ತಾ ಇಲ್ಲ ಕಣೇ. ಬೆಳೆದದ್ದು ಎಲ್ಲಿ ಹೋಯ್ತು ಅಂತ ಹುಡುಗ ನಿಜ ಹೇಳ್ಲಿಲ್ಲ, ಅದು ಒಂದು. ಇನ್ನೊಂದು..." ಎಂದು ತಡೆದಳು. ಹೇಳು ಎಂದೆ. ಹೇಳಿದಳು. "ಅಷ್ಟು ದೊಡ್ಡ ಮನುಷ್ಯನಿಗೇ ಆ ಮನೆ ಗೋಡೆ ಮೇಲೆ ಜಾಗ ಇಲ್ಲ. ನಾಳೆ ಮಗಳನ್ನು ಕೊಟ್ಟು ನಾನು ನೋಡ್ಲಿಕ್ಕೆ ಹೋದ್ರೆ ನನ್ನನ್ನ ಎಲ್ಲಿ ಕೂರಿಸ್ತಾರೆ? ಅಂದ್ರು."

ತಪ್ಪೆಲ್ಲ ನನ್ನದು, ಅವನದಲ್ಲ ಎಂದು ಹೇಳು ಎಂದು ಅಂಗಲಾಚಿದೆ. ಆಗಲೇ ಹೇಳಿದ್ದೇನೆ ಎಂದಳು ಅವಳು. ಅವರು ಆನವಟ್ಟಿ ಕಡೆಯ ಇನ್ನೊಬ್ಬರಿಗೆ ಮಾತು ಕೊಟ್ಟಾಗಿತ್ತು.

ಫೋನಿಟ್ಟು ತಿರುಗಿದರೆ ಅತ್ತೆ, ಮೈದುನ ಇಬ್ಬರೂ ಹಾಲಿನಲ್ಲಿ ನಿಂತಿದ್ದಾರೆ. ಅವನ ಕೈಯಲ್ಲಿ ಊಟದ ತಟ್ಟೆ ಹಾಗೇ ಇತ್ತು. ನನಗೆ ಆ ಮಾತು ಅವರ ಮುಂದೆ ಬಾಯಿಂದ ಬರಲೊಲ್ಲದು. "ದೂರ ಆಗುತ್ತಂತೆ" ಎಂದೆ.

"ಸೊರಬ ದೂರನಾ?" ಎಂದರು ಅತ್ತೆ. ಅಷ್ಟೇ ಅಂದದ್ದು. ನನ್ನ ಸುಳ್ಳು ಆ ಹಳದಿ ದೀಪದ ಕೆಳಗೆ ಎಲ್ಲರಿಗೂ ಕಾಣುವ ಹಾಗೆ ಬಿದ್ದಿತ್ತು.

"ಇರ್ಲಿ ಬಿಡವ್ವಾ" ಎಂದ ಮೈದುನ. ತಟ್ಟೆ ಕೆಳಗಿಟ್ಟು, ಕೈ ತೊಳೆದು, ಎದುರು ಮನೆಯ ಶೆಡ್ಡಿಗೆ ಹೋದ.

ನಾನು ಅಡುಗೆಮನೆ ಸೇರಿ ಬಾಗಿಲು ಎಳೆದುಕೊಂಡೆ. ಥೂ ನನ್ನ ಜನ್ಮಕ್ಕೆ ಎಂದು ನನಗೆ ನಾನೇ ಬೈದುಕೊಂಡು ಅತ್ತುಬಿಟ್ಟೆ. ಹೊರಗೆ ಚೀಲ ಇಳಿಸುವ ಸದ್ದು, ಮತ್ತೆ ಹೆಜ್ಜೆ, ಮತ್ತೆ ಚೀಲ. ನಡುವೆ ಸುತ್ತಿಗೆಯಿಂದ ಮೊಳೆ ಹೊಡೆದ ಸದ್ದೂ ಬಂತು. ನಾನು ಕೀಳಿಸಿದ್ದ ಜಾಗದಲ್ಲೇ ಹೊಡೆಯುತ್ತಿರಬೇಕು ಎಂದುಕೊಂಡೆ. ಹೊಡೆಯಲಿ, ಇಡೀ ಗೋಡೆಯನ್ನೇ ಒಡೆಯಲಿ, ನಾನು ಉಸಿರೆತ್ತುವುದಿಲ್ಲ ಎಂದುಕೊಂಡೆ.

ಸದ್ದು ನಿಂತ ಮೇಲೆ ಹೊರಗೆ ಬಂದೆ. ಮಾವನವರ ಫೋಟೋ ದೇವರ ಕೋಣೆಯ ಬಾಗಿಲ ಮೇಲಿತ್ತು, ಕೆಂಪು ಬಲ್ಬು ಉರಿಯುತ್ತಿತ್ತು. ಅತ್ತೆ ಸ್ಟೂಲಿನ ಮೇಲೆ ನಿಂತು ಗಾಜಿಗೆ ವಿಭೂತಿ ಹಚ್ಚುತ್ತಿದ್ದರು. ಚೀಲಗಳು ಬಾಗಿಲ ಪಕ್ಕದಲ್ಲಿ, ಕಿಟಕಿಯ ಕೆಳಗೆ, ಸೋಫಾದ ಹಿಂದೆ, ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲ ಒತ್ತೊತ್ತಾಗಿ ನಿಂತಿದ್ದವು. ನಡೆಯಲು ದಾರಿ ಸಾಲದು. ಎದುರಿನ ದೊಡ್ಡ ಗೋಡೆಯೊಂದು ಮಾತ್ರ ಹಾಗೇ ಇತ್ತು. ಒಂದು ಚೀಲವಿಲ್ಲ, ಒಂದು ಮೊಳೆಯಿಲ್ಲ.

ಮೊದಲಿನಿಂದಲೂ ಚೀಲ ಪೇರಿಸುತ್ತಿದ್ದದ್ದು ಅದೇ ಗೋಡೆಗೆ. "ಅಲ್ಲಿ ಯಾಕಪ್ಪಾ ಹಾಕ್ಲಿಲ್ಲ?" ಎಂದು ಕೇಳಿದೆ.

ಅವನು ಟವೆಲ್ಲಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದ. "ಅದು ಖಾಲಿ ಇದ್ರೆ ನಿಮಗೆ ಸಮಾಧಾನ ಅಂದಿದ್ರಲ್ಲ ಅತ್ಗೆ. ಅದಕ್ಕೇ ಬಿಟ್ಟೀನಿ."